ಶ್! ದೊರೆ ಮಲಗಿದೆ!

"ನೋಡ್ತಾ ಇರಿ! ದೊರೆಯ ಒಂದು ಕೂದಲೂ ಕೊಂಕದ ಹಾಗೆ ಕರ್ಕೊಂಡು ಹೋಗಿ, ಹಾಗೇ ವಾಪಸ್ ಕರ್ಕೊಂಡು ಬರ್ತೀನಿ!"

ಅವಳು ಸೌಟನ್ನು ಖಡ್ಗದಂತೆ ಎತ್ತಿ ಹಿಡಿದು ಅಡುಗೆಮನೆಯಲ್ಲಿ ಹೀಗೆ ಘೋಷಿಸಿದಾಗ, ಆ ಮನೆಯ ಬೆಕ್ಕು ದೊರೆ ಮಾತ್ರ ಫ್ರಿಜ್ಜಿನ ಮೇಲೆ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು.

"ವಾಪಸ್ ಕರ್ಕೊಂಡು ಬರೋ ಲೆಕ್ಕದಲ್ಲಿ ನಾನೂ ಇದ್ದೀನಿ ತಾನೇ?" ಎಂದ ಗಂಡ.

"ನಿಮಗೇನು ರೀ ಧಾಡಿ? ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳ್ಕೊಂಡು ಬರ್ತೀರಿ. ಪಾಪ, ಅದಕ್ಕೆ ಬಾಯಿ ಬರುತ್ತಾ?"

ಮಗಳು ಒಂದು ಸಲ ಸೀನಿದರೆ ಥರ್ಮಾಮೀಟರು ಹುಡುಕುವ ತಾಯಿ ಅವಳು. ಅಂಥವಳು ಬೆಕ್ಕನ್ನು ಸಮುದ್ರ ತೀರಕ್ಕೆ ರಜೆಗೆ ಕರೆದೊಯ್ಯುವುದೆಂದರೆ ದಂಡಯಾತ್ರೆಯೇ ಸರಿ! ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಬುಟ್ಟಿಯನ್ನು ಸೀಟ್ ಬೆಲ್ಟಿನಲ್ಲಿ ಬಿಗಿಯಿರಿ, ಕೊರಳಪಟ್ಟಿಯ ಮೇಲೆ ಫೋನ್ ನಂಬರು ಇರಲಿ ಎಂದಿದ್ದರು ಪ್ರಾಣಿವೈದ್ಯರು. ಅವಳಿಗೆ ಅಷ್ಟು ಸಾಲಲಿಲ್ಲ. ತನ್ನ ನಂಬರನ್ನು ಕೆಂಪು ದಾರದಲ್ಲಿ, ಕಣ್ಣು ಮಂಜಾಗುವವರೆಗೆ ಕೂತು ಪಟ್ಟಿಯ ಮೇಲೆ ಕಸೂತಿ ಹಾಕಿದಳು. ಬುಟ್ಟಿಗೆ ತನ್ನ ಹಳೇ ಸೀರೆಯ ಮುಸುಕು ಹೊದಿಸಿದಳು. ಜೊತೆಗೆ ತನ್ನದೇ ಒಂದು ರಾಜಾಜ್ಞೆ: ದೊರೆ ಮಲಗಿದ್ದಾಗ ಕಾರಿನಲ್ಲಿ ಯಾರೂ ತುಟಿ ಬಿಚ್ಚಕೂಡದು, ಮುಸುಕು ಎತ್ತಕೂಡದು!

ಸ್ಟಿಯರಿಂಗೂ ಅವಳದೇ. "ನೀವು ಹಾಕೋ ಬ್ರೇಕಿಗೆ ನನಗೇ ಹೊಟ್ಟೆ ತೊಳಸುತ್ತೆ, ಇನ್ನು ಅದರ ಗತಿಯೇನು?" ಎಂದು ಗಂಡನನ್ನು ಹಿಂದಕ್ಕೆ ಅಟ್ಟಿದ್ದಳು. ಒಂದು ಕಿಟಕಿಯ ಬಳಿ ಮಗಳು, ನಡುವೆ ಬುಟ್ಟಿ, ಇನ್ನೊಂದು ಕಿಟಕಿಗೆ ತಲೆಯಾನಿಸಿ, ಬೆಡ್‌ಶೀಟು ಮುಖದ ತನಕ ಎಳೆದುಕೊಂಡು ಗಂಡ. ಎಂಥ ಶಿಸ್ತು! ಎಂಥ ಮೌನ! ಅವಳಿಗೆ ತನ್ನ ಮೇಲೇ ಹೆಮ್ಮೆ ಉಕ್ಕಿತು.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಮಗಳನ್ನು ಶೌಚಾಲಯಕ್ಕೆ ಕರೆದೊಯ್ದಳು. ಮರಳಿ ಬಂದಾಗ ಎಲ್ಲ ಇದ್ದಂತೆಯೇ ಇತ್ತು. ಬುಟ್ಟಿಯ ಮೇಲೆ ಮುಸುಕು. ಅದರ ಪಕ್ಕ ಬೆಡ್‌ಶೀಟಿನ ಗುಡ್ಡ. ಬೆಕ್ಕಿನ ಮಗ್ಗುಲಲ್ಲೇ ನಿದ್ದೆ ಹೊಡೆಯುವ ಗಂಡನನ್ನು ಕಂಡು ನಗುತ್ತ, ಮಗಳಿಗೆ ಬೆಲ್ಟ್ ಬಿಗಿದು ಮೆಲ್ಲಗೆ ಗಾಡಿ ಎತ್ತಿದಳು.

"ಅಮ್ಮಾ, ಅಪ್ಪ..."

"ಶ್! ದೊರೆ ಮಲಗಿದೆ!"

ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಅಮ್ಮಾ, ಅಪ್ಪ ಇಲ್..."

"ಏನೇ ಹೇಳಿದ್ದೆ ನಾನು? ಬಾಯಿ!"

ಮಗಳು ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಎಂಥ ವಿಧೇಯ ಕೂಸು ಎಂದು ತಾಯಿಯ ಕಣ್ಣು ತುಂಬಿತು!

ಆಗ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ರಸ್ತೆಯ ಅಂಚಿಗೆ ನಿಲ್ಲಿಸಿ ಎತ್ತಿದಳು.

"ಮೇಡಂ, ನಾನು ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯವಳು. ಇಲ್ಲೊಂದು ಬೆಕ್ಕು ಸಿಕ್ಕಿದೆ. ಕೊರಳಪಟ್ಟೀಲಿ ನಿಮ್ಮ ನಂಬರಿದೆ."

"ಛೇ, ಇಲ್ಲಮ್ಮಾ, ನಮ್ಮ ಬೆಕ್ಕು ಇಲ್ಲೇ..." ಎನ್ನುತ್ತ ಹಿಂದಕ್ಕೆ ಬಾಗಿ ಮುಸುಕು ಎತ್ತಿದಳು. ಬುಟ್ಟಿ ಖಾಲಿ! "ರೀ!" ಎಂದು ಚೀರಿ ಬೆಡ್‌ಶೀಟು ಜಗ್ಗಿದಳು. ಒಳಗೆ ಒಂದು ದಿಂಬು, ಒಂದು ಬ್ಯಾಗು, ಬ್ಯಾಗಿನ ಮೇಲೆ ಗಂಡನ ಫೋನು!

"ಇನ್ನೊಂದು ವಿಷಯ ಮೇಡಂ," ಎಂದಳು ಅಂಗಡಿಯಾಕೆ, "ಬೆಕ್ಕಿನ ಜೊತೆ ಒಬ್ಬರು ಗಂಡಸರೂ ಸಿಕ್ಕಿದ್ದಾರೆ. ಅವರ ಕೊರಳಲ್ಲಿ ಪಟ್ಟಿ ಇಲ್ಲ. ನಿಮ್ಮವರೇನಾ?"

ಮಗಳು ಬಾಯಿಂದ ಕೈ ತೆಗೆದು ಪಿಸುಗುಟ್ಟಿದಳು: "ಅಮ್ಮಾ, ಈಗ ಮಾತಾಡ್ಲಾ?"

ಬಂಕಿಗೆ ಮರಳಿ ಬರುವಷ್ಟರಲ್ಲಿ ಅವಳ ಕಣ್ಣೀರು ಮೂಗಿನ ತುದಿಗೆ ಬಂದಿತ್ತು. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಗಂಡ ಕೂತಿದ್ದ. ಒಂದು ಕಾಲಿಗೆ ಚಪ್ಪಲಿ ಇಲ್ಲ, ಮೊಣಕೈ ತುಂಬ ಪರಚಿದ ಗೆರೆ. ಮಡಿಲಲ್ಲಿ ಅವನ ಅಂಗಿ ಸುತ್ತಿಕೊಂಡು ದೊರೆ.

"ಬಾಯಾರಿ ಅಳ್ತಿತ್ತು ಕಣೇ. ನೀರು ಕೊಡೋಣಾಂತ ಮುಸುಕಿನಡಿಯಿಂದ ಬುಟ್ಟಿ ಬಾಗಿಲು ತೆಗೆದೆ, ಚಂಗನೆ ಹಾರ್ತು. ಲಾರಿ ಚಕ್ರದ ಪಕ್ಕ ಕೂತಿತ್ತು. ನಾನೂ ಅಡಿಗೆ ತೂರಿದೆ. ಹಿಡ್ಕೊಂಡು ಬಂದು ನೋಡಿದ್ರೆ ಕಾರೇ ಇಲ್ಲ!"

ಬೆಕ್ಕನ್ನೂ ಗಂಡನನ್ನೂ ಒಟ್ಟಿಗೆ ತಬ್ಬಿಕೊಂಡು ಅವಳು ಬಿಕ್ಕಿದಳು. ಅಂಗಡಿಯಾಕೆಯ ಕೈ ಹಿಡಿದು ಎಷ್ಟು ಸಲ "ನಿಮ್ಮಿಂದ ಉಪಕಾರವಾಯ್ತು" ಅಂದಳೋ! ಚಪ್ಪಲಿಯನ್ನೂ ಆಕೆಯೇ ಹುಡುಕಿಸಿಕೊಟ್ಟಳು.

ಮತ್ತೆ ಹೊರಟಾಗ ರಾಜಾಜ್ಞೆ ರದ್ದಾಗಿತ್ತು. "ಎಲ್ಲರೂ ಮಾತಾಡ್ತಾನೇ ಇರಿ! ಪುಟ್ಟೀ?"

"ಇದ್ದೀನಮ್ಮಾ!"

"ರೀ?"

"ಇದ್ದೀನಿ ಮಹಾರಾಯ್ತಿ. ಅಲ್ಲಾ, ಅಂಗಡಿಯಾಕೆ ಫೋನ್ ಕೈಗೆ ಕೊಟ್ಟು ಹೆಂಡತಿ ನಂಬರ್ ಹೇಳಿ ಅಂದ್ಲು. ಒಂದಂಕಿಯೂ ನೆನಪಾಗ್ಲಿಲ್ಲ ನೋಡು!"

ಬೈಯಲು ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು: ಅವನ ನಂಬರು ತನಗೂ ಬಾಯಿಪಾಠವಿರಲಿಲ್ಲ.

"ದೊರೆ?" ಎಂದು ಕೂಗಿದಳು.

"ಶ್! ಎಬ್ಬಿಸಬೇಡ," ಎಂದ ಗಂಡ, ಬುಟ್ಟಿಯ ಮೇಲೆ ಮುಸುಕು ಸರಿಪಡಿಸುತ್ತ. "ಈ ಸಂಸಾರದಲ್ಲಿ ನಿನ್ನ ನಂಬರ್ ಗೊತ್ತಿರೋದು ಅದೊಂದಕ್ಕೇ!"