ಎಂಟು ಸೇರು ಎಮ್ಮೆ

ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಇಸವಿಯ ಯುಗಾದಿಯ ಮರುದಿನದಿಂದ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿಯಲ್ಲಿ ಮನುಷ್ಯರು ಮುಖ ನೋಡಿಕೊಂಡು ವ್ಯಾಪಾರ ಮಾಡುವ ಅನಾಗರಿಕ ಪದ್ಧತಿಯು ಕೊನೆಗೊಂಡಿತು. 'ಸಮೃದ್ಧಿ ಗಣಕ ಸಂತೆ' ಎಂಬ ಕಂಪನಿಯು ಮೂರೂ ಊರಿನಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟು ಟೆಲಿಫೋನ್ ತಂತಿಯಿಂದ ಜೋಡಿಸಿತ್ತು. ಒಂದೂರಲ್ಲಿ ಬರೆಸಿದ ಮಾಲು ಮತ್ತೊಂದೂರಲ್ಲಿ ಕಾಣುತ್ತಿತ್ತು. ಜೀಪಿಗೆ ಮೈಕು ಕಟ್ಟಿ ಹೀಗೆ ಸಾರಲಾಯಿತು: "ಇನ್ನು ಮುಂದೆ ಚೌಕಾಶಿ ಇರುವುದಿಲ್ಲ. ಮೋಸ ಇರುವುದಿಲ್ಲ. ತಪ್ಪುಗಳು ಇರುವುದಿಲ್ಲ. ತಪ್ಪಾದಲ್ಲಿ ತಿದ್ದಲಾಗುವುದಿಲ್ಲ."

ಇಂಥ ಪ್ರಾಮಾಣಿಕ ಮಾತು ಕೇಳಿ ಜನ ಚಪ್ಪಾಳೆ ತಟ್ಟಿದರು.

ಬಳಗಾನೂರಿನ ಗದ್ದೆಮ್ಮನಿಗೂ ಇದು ಹಿಡಿಸಿತು. ಗಂಡ ತೀರಿಹೋದ ಮೇಲೆ ಅವಳನ್ನು ಸಾಕುತ್ತಿದ್ದದ್ದು ಒಂದೇ ಒಂದು ಎಮ್ಮೆ. ಎರಡು ತಿಂಗಳು ಬೆಣ್ಣೆ ಕೂಡಿಟ್ಟು ಕಾಸಿದರೆ ಎಂಟು ಸೇರು ತುಪ್ಪ ಆಗುತ್ತಿತ್ತು. ಬಜಾರಿನ ಸಾಹುಕಾರರಿಗೆ ತೋರಿಸಿದರೆ ಬೆರಳದ್ದಿ ರುಚಿ ನೋಡುವುದರಲ್ಲೇ ಪಾವು ತುಪ್ಪ ಮುಗಿಸುತ್ತಿದ್ದರು. ಕಂಪ್ಯೂಟರಿಗೆ ಬೆರಳೂ ಇಲ್ಲ, ನಾಲಗೆಯೂ ಇಲ್ಲವೆಂದು ತಿಳಿದು ಅವಳು ಡಬ್ಬಿ ಹೊತ್ತು ಸಿಂಧನೂರಿನ ಬಸ್ಸು ಹತ್ತಿದಳು.

ಗಣಕ ಸಂತೆಯ ಗುಮಾಸ್ತ ಕರಿಬಸಯ್ಯ ಚಪ್ಪಲಿ ಹೊರಗೆ ಬಿಡಿಸಿ, ಅವಳ ಹೆಸರು ಕಂಪ್ಯೂಟರಿಗೆ ಒತ್ತಿಕೊಂಡ.

"ಏನು ಮಾರಾಕ ಬಂದಿಯಮ್ಮ?"

"ತುಪ್ಪರೀ ಅಯ್ಯನೋರ."

ಕರಿಬಸಯ್ಯ ಪರದೆಯನ್ನು ಮೇಲಿಂದ ಕೆಳಗೆ ಓದಿದ. "ತುಪ್ಪದ ಕಾಲಂ ಇಲ್ಲ. ಎತ್ತು ಐತಿ, ಎಮ್ಮಿ ಐತಿ, ನೆಲ್ಲು ಐತಿ, ಪಂಪ್‌ಸೆಟ್ ಐತಿ."

"ಹಂಗಾರ ಬಿಡ್ರಿ, ಹೊಳ್ಳಿ ಒಯ್ತೀನಿ."

"ಹೆಂಗ ಒಯ್ತಿ? ನಿನ್ನ ಹೆಸರು ಒಳಗ ಹೋಗೇತಿ. ಮಾಲಿಲ್ಲದ ಹೆಸರು ಇದ್ರ ಮಷೀನು ಕೆಡ್ತೈತಿ. ತುಪ್ಪ ಎದರಾಗಿಂದ ಬರ್ತೈತಿ ಹೇಳು?"

"ಎಮ್ಮಿ ಹಾಲಿನಾಗಿಂದ."

"ಮತ್ತ?" ಎಂದವನೇ 'ಎಮ್ಮೆ' ಎಂದು ಒತ್ತಿದ.

ಆಗ ಲೈನು ಹೋಯಿತು. ಲೈನು ಬಂದಾಗ ಕರೆಂಟು ಹೋಯಿತು. ಎರಡೂ ಕೂಡಿಬಂದಾಗ ಸಂಜೆ ನಾಲ್ಕು. ಗದ್ದೆಮ್ಮನ ಕೈಗೆ ಚೀಟಿ ಬಂತು: ಮಾಲು: ಎಮ್ಮೆ. ಪ್ರಮಾಣ: ಎಂಟು ಸೇರು.

ಅದೇ ವಾರ ಲಿಂಗಸುಗೂರಿನ ಕಿರಾಣಿ ವ್ಯಾಪಾರಿ ಅಮರಗುಂಡಪ್ಪ ಮಗಳ ಮದುವೆಯ ಹೋಳಿಗೆ ಊಟಕ್ಕೆ ತುಪ್ಪ ಹುಡುಕುತ್ತ ಅಲ್ಲಿಯ ಗಣಕ ಸಂತೆಗೆ ಹೋದ. ಅಲ್ಲಿಯ ಗುಮಾಸ್ತನಿಗೂ ಅದೇ ತರಬೇತಿ ಆಗಿತ್ತು. ಅವನು ತುಪ್ಪಕ್ಕೆ ಹತ್ತಿರದ್ದೆಂದು ಎಮ್ಮೆಯನ್ನು ತೋರಿಸಿ ಹಣ ಕಟ್ಟಿಸಿಕೊಂಡ.

ಮಾಲು ಒಪ್ಪಿಸುವ ದಿನವಾದ ಗುರುವಾರ ಇಬ್ಬರೂ ಸಿಂಧನೂರಿನ ಕಚೇರಿಯಲ್ಲಿ ಕೂಡಿದರು. ಅಮರಗುಂಡಪ್ಪ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ಮುಖ ಅರಳಿತು.

"ಯವ್ವಾ, ನನಗ ಬೇಕಾಗಿದ್ದು ಇದ ನೋಡು!"

"ನಾ ಕೊಡಾಕ ಬಂದಿದ್ದೂ ಇದನ್ನರೀ ಸಾವ್ಕಾರ್ರ."

ಕರಿಬಸಯ್ಯ ಇಬ್ಬರನ್ನೂ ಕರುಣೆಯಿಂದ ನೋಡಿದ. "ನೀವಿಬ್ಬರೂ ಒಪ್ಪಿದ್ರ ಆತೇನ್ರಿ? ಮಷೀನು ಒಪ್ಪಬೇಕು. ಎಮ್ಮಿ ಮುಟ್ಟೇತಿ ಅಂತ ಸಹಿ ಬೀಳೋತನಕ ರೊಕ್ಕ ಕಂಪನ್ಯಾಗ ಇರ್ತೈತಿ." ಅವನು ಗೋಡೆಯ ಮೇಲಿನ ನಿಯಮ ಹದಿನಾಲ್ಕನ್ನು ತೋರಿಸಿದ. ಮಾರಿದ ಜಾನುವಾರನ್ನು ಏಳು ದಿನದೊಳಗೆ ಒಪ್ಪಿಸದಿದ್ದಲ್ಲಿ ಕಂಪನಿಯೇ ಮನೆಗೆ ಬಂದು ಹೊಡೆದುಕೊಂಡು ಹೋಗತಕ್ಕದ್ದು.

ಗದ್ದೆಮ್ಮ ಕೈಮುಗಿದಳು. "ಯಪ್ಪಾ, ನನ್ನ ಎಮ್ಮಿ ಮಾರಾಕಿಲ್ಲರೀ! ಮನ್ಯಾಗ ಇರೋದು ಅದೊಂದ."

"ಮನ್ಯಾಗ ಐತಿ ಖರೆ. ಮಷೀನ್ಯಾಗ ಮಾರಿಹೋಗೇತಿ. ತಕರಾರಿದ್ರ ಮಸ್ಕಿಗೆ ಹೋಗ್ರಿ."

ಸಿಂಧನೂರಿನ ದೂರುಗಳನ್ನು ಮಸ್ಕಿಯಲ್ಲಿ, ಮಸ್ಕಿಯವನ್ನು ಲಿಂಗಸುಗೂರಿನಲ್ಲಿ, ಲಿಂಗಸುಗೂರಿನವನ್ನು ಸಿಂಧನೂರಿನಲ್ಲಿ ಸ್ವೀಕರಿಸಲಾಗುತ್ತಿತ್ತು. ದೂರುದಾರರಿಗೆ ದಾರಿಯಲ್ಲಿ ಸಿಟ್ಟು ಇಳಿಯಲೆಂಬುದು ಕಂಪನಿಯ ಕಳಕಳಿ. ಅಮರಗುಂಡಪ್ಪನ ಜೊತೆ ಹೊರಟ ಗದ್ದೆಮ್ಮನಿಗೆ ಇಳಿಯಲಿಲ್ಲ. ಬಸ್ಸು ಬಳಗಾನೂರಿನ ಕ್ರಾಸು ದಾಟುವಾಗ ಅವಳು ಡಬ್ಬಿಯನ್ನು ಇನ್ನಷ್ಟು ಗಟ್ಟಿಯಾಗಿ ಅವಚಿಕೊಂಡಳು. ಇಷ್ಟೊತ್ತಿಗೆ ಎಮ್ಮೆ ಹಾದಿ ನೋಡುತ್ತಿರುತ್ತದೆ, ಬೇರೆಯವರ ಕೈಗೆ ಅದು ಹಾಲು ಬಿಡುವುದಿಲ್ಲ.

ಮಸ್ಕಿಯಲ್ಲಿ ದೂರು ಅಧಿಕಾರಿ ಗೋಪಣ್ಣ ಫೋನಿನ ಪಕ್ಕದಲ್ಲೇ ಕುಳಿತಿದ್ದ. ಗದ್ದೆಮ್ಮ ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ.

"ಎದುರಿಗೆ ಹೇಳಿದ್ದು ದೂರಾಗಂಗಿಲ್ಲಮ್ಮ. ಫೋನ್ ಮಾಡಬೇಕು."

ರಸ್ತೆಯ ಆಚೆ ಚಾಂದ್‌ಪಾಷಾನ ಎಸ್‌ಟಿಡಿ ಬೂತಿತ್ತು. ಇಬ್ಬರೂ ಅಲ್ಲಿಂದ ಹನ್ನೊಂದು ಸಲ ಫೋನು ಹಚ್ಚಿದರು. ಹನ್ನೊಂದು ಸಲವೂ ಎಂಗೇಜ್. ಕಿಟಕಿಯಲ್ಲಿ ಗೋಪಣ್ಣ ಸುಮ್ಮನೆ ಕುಳಿತದ್ದು ಕಾಣುತ್ತಿತ್ತು.

"ಕಂಪ್ಯೂಟರು, ಫೋನು ಎರಡಕ್ಕೂ ಒಂದ ತಂತಿ ಐತ್ರಿ" ಎಂದ ಚಾಂದ್‌ಪಾಷಾ. "ಅದು ಚಾಲೂ ಇದ್ರ ಇದು ಹತ್ತಂಗಿಲ್ಲ. ಚಾಕ್ಕ ಏಳುವಾಗ ಬಂದ್ ಮಾಡ್ತಾರ. ತಡೀರಿ."

ಮೂರೂವರೆಗೆ ಗೋಪಣ್ಣ ಚಹಾಕ್ಕೆ ಎದ್ದ. ಫೋನು ಹತ್ತಿತು. ಅವನು ಬಾಗಿಲಿಂದ ಓಡಿಬಂದು ಎತ್ತಿ, ಕಿಟಕಿಯಿಂದ ಗದ್ದೆಮ್ಮನನ್ನೇ ನೋಡುತ್ತ, "ನಮಸ್ಕಾರ. ನಿಮ್ಮ ದೂರೇ ನಮ್ಮ ದೇವರು. ಯಾರು ಮಾತಾಡ್ತಿರೋದು?" ಎಂದ.

"ನಾನ! ಇಲ್ಲೆ ನಿಂತೀನಿ!" ಎಂದು ಗದ್ದೆಮ್ಮ ಕೂಗಿದಳು. ಆಮೇಲೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು.

ಗೋಪಣ್ಣ ಕೆಟ್ಟವನಲ್ಲ. ಅವನ ತಾಯಿಯೂ ಎಮ್ಮೆ ಕಟ್ಟಿದವಳೇ. ಇಬ್ಬರನ್ನೂ ಒಳಗೆ ಕರೆದು ಕೂರಿಸಿ, ಬಹಳ ಹೊತ್ತು ನಿಯಮಾವಳಿ ತಿರುವಿದ.

"ಮಷೀನ್ಯಾಗ ಇರೋದನ್ನ ಬದಲಿಸಾಕ ಬರಂಗಿಲ್ಲ. ಆದ್ರ ಮಾಲು ನೋಡಿ ದೃಢೀಕರಣ ಪತ್ರ ಬರೆಯೋ ಅಧಿಕಾರ ನನಗೈತಿ" ಎಂದು ಡಬ್ಬಿಯನ್ನು ಮೇಜಿನ ಮೇಲಿಡಿಸಿ, ಅದರ ಸುತ್ತ ಒಂದು ಸುತ್ತು ಬಂದು ಬರೆದ: "ಎಮ್ಮೆಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ಬಣ್ಣ: ಹಳದಿ. ಕೊಂಬು: ಇಲ್ಲ. ಹಲ್ಲು: ಇನ್ನೂ ಬಂದಿಲ್ಲ. ವಯಸ್ಸು: ಎರಡು ತಿಂಗಳು. ಗುಣ: ಸಾಧು, ಹಾಯುವುದಿಲ್ಲ. ಬಿಸಿಲಿಗೆ ಕಟ್ಟಿದರೆ ಕರಗುತ್ತದೆ."

ಅಮರಗುಂಡಪ್ಪ ಎಮ್ಮೆ ಮುಟ್ಟಿತೆಂದು ಸಹಿ ಮಾಡಿದ. ಗದ್ದೆಮ್ಮ ಹೆಬ್ಬೆಟ್ಟು ಒತ್ತಿದಳು. ಮಷೀನು ಒಪ್ಪಿತು.

ಈ ತೀರ್ಪನ್ನು ಮೂರೂ ಕೇಂದ್ರಗಳಿಗೆ ಸುತ್ತೋಲೆಯಾಗಿ ಕಳಿಸಲಾಯಿತು. ಅಂದಿನಿಂದ ತುಪ್ಪವೆಲ್ಲ ಎಮ್ಮೆಯಾಯಿತು. ಮುಂದಿನ ವಾರ ದಢೇಸುಗೂರಿನ ಮುದುಕಪ್ಪ ನಿಜವಾದ ಎಮ್ಮೆ ಮಾರಲು ಬಂದಾಗ ಆ ಕಾಲಂ ತುಪ್ಪಕ್ಕೆ ಮೀಸಲಾಗಿದ್ದರಿಂದ ಅದನ್ನು ಪಂಪ್‌ಸೆಟ್ ಎಂದು ಬರೆಸಿ, ಎಷ್ಟು ಹಾರ್ಸ್‌ಪವರ್ ಎಂದು ಕೇಳಲಾಯಿತು. ಮುದುಕಪ್ಪ ಸ್ವಲ್ಪ ಯೋಚಿಸಿ ಐದು ಎಂದ.

ಅಮರಗುಂಡಪ್ಪನ ಮಗಳ ಮದುವೆಗೆ ಗದ್ದೆಮ್ಮನಿಗೂ ಕರೆ ಬಂದಿತ್ತು. ಪಂಗ್ತಿಯಲ್ಲಿ ಹೋಳಿಗೆ ಬಿದ್ದವು. ಬೀಗರ ಪೈಕಿ ಹಿರಿಯರೊಬ್ಬರು ಎಲೆಯಿಂದ ತಲೆ ಎತ್ತದೆ, "ಹೋಳಿಗಿ ಮ್ಯಾಲ ಇನ್ನೊಂದಿಷ್ಟು ಎಮ್ಮಿ ಹಾಕ್ರಿ" ಎಂದರು. ಬಡಿಸುವವನು ಹಾಕಿದ. ಯಾರೂ ನಗಲಿಲ್ಲ. ಬಡಿಸುವವನು ತನ್ನ ಮುಂದೆ ಬಂದಾಗ ಗದ್ದೆಮ್ಮ ಎಲೆಯನ್ನು ಸರಿಮಾಡಿಕೊಂಡು ಹೇಳಿದಳು:

"ನನಗೂ ಎರಡು ಚಮಚ ಹಾಕಪ್ಪ. ಬಿಸಿ ಇರಲಿ, ಆರಿದ ಎಮ್ಮಿ ನನಗ ಸೇರಂಗಿಲ್ಲ."