ಚಿಗವ್ವನ ಹೆಸರಿನ ಭಾಂಡೆಗಳು

ನಮ್ಮ ಚಿಕ್ಕಮ್ಮನಂಥ ಇನ್ನೊಬ್ಬ ಕಳ್ಳಿಯನ್ನು ನಾನು ಕಂಡಿಲ್ಲ. ಕದ್ದದ್ದು ಏನು ಅಂತೀರಿ? ತನ್ನದೇ ಹೆಸರು!

ಸರಸಂಬಾದ ತವರಿನಲ್ಲಿ ಆಕೆ ಶರಣಮ್ಮ. ಅಫಜಲಪುರದ ಕಡೆ ಲಗ್ನವಾದಾಗ ನೋಡಿದರೆ ಅತ್ತೆಯ ಹೆಸರೂ ಶರಣಮ್ಮ! ಸೊಸೆಯನ್ನು ಬೈಯಬೇಕಾದರೆ ಅತ್ತೆ ತನ್ನ ಹೆಸರನ್ನೇ ಹಿಡಿದು ಬೈಯಬೇಕಲ್ಲ? ಹಿರಿಯರು ಎರಡೇ ನಿಮಿಷದಲ್ಲಿ ಸೊಸೆಯನ್ನು ಶಾಂತಾಬಾಯಿ ಮಾಡಿಬಿಟ್ಟರು. ಎಮ್ಮೆ ಕೊಳ್ಳುವಾಗಲಾದರೂ ಅದರ ಬಾಯಿ ತೆರೆದು ನೋಡುತ್ತಾರೆ. ಚಿಕ್ಕಮ್ಮನ ಬಾಯನ್ನು ಯಾರೂ ತೆರೆಸಲಿಲ್ಲ.

ನಾಲ್ಕನೇ ಇಯತ್ತೆ ಓದಿದ್ದಳು. ಗಾಣಗಾಪುರಕ್ಕೆ ಹೋದರೆ ದೇವರನ್ನು ಬಿಟ್ಟು, ನೆಲದ ಕಲ್ಲುಗಳ ಮೇಲಿನ ದಾನಿಗಳ ಹೆಸರು ಓದುತ್ತ ಬಗ್ಗಿಕೊಂಡೇ ನಡೆಯುವಳು. ಒಮ್ಮೆ ಒಬ್ಬ ಶರಣಮ್ಮ ಸಿಕ್ಕಳು. ಚಿಕ್ಕಮ್ಮ ಆ ಕಲ್ಲಿನ ಮೇಲೆ ಕೂತೇಬಿಟ್ಟಳು.

"ಏಳಬೇ, ಬಸ್ಸು ಹೋಗ್ತದ" ಎಂದ ಚಿಕ್ಕಪ್ಪ.

"ಹೋಗಲಿ ಬಿಡ್ರಿ. ನನ್ನ ಹೆಸರಿನ ಮ್ಯಾಲ ಒಂದು ಗಳಿಗಿ ನಾ ಕೂಡಬಾರದೇನು?"

ಬಸ್ಸು ಹೋಗಿಯೇ ಹೋಯಿತು!

ತವರಿಗೆ ಬಂದಾಗಲೆಲ್ಲ ಆಳಂದದ ಭಾಂಡೆ ಅಂಗಡಿಯಲ್ಲಿ ಒಂದು ತಂಬಿಗೆಯನ್ನೋ ತಾಟನ್ನೋ ಕೊಂಡು, ಅದರ ಮೇಲೆ 'ಶರಣಮ್ಮ' ಎಂದು ಹೆಸರು ಹಾಕಿಸುವಳು. ಸೊಸೆಯ ತವರಿನ ಹೆಸರನ್ನು ಎಂದೋ ಮರೆತಿದ್ದ ಅತ್ತೆ ಹಿಗ್ಗಿ ಹೀರೇಕಾಯಿ! "ನೋಡ್ರಿ ನಮ್ಮ ಸೊಸಿನ್ನ! ತನ್ನ ಹೆಸರು ಬಿಟ್ಟು ನನ್ನ ಹೆಸರು ಹಾಕಿಸ್ಯಾಳ!" ಎಂದು ಓಣಿ ತುಂಬ ತೋರಿಸಿ ಬರುವಳು. ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಹದಿನೈದು ವರ್ಷ ಈ ಕಳ್ಳತನ ನಡೆಯಿತು.

ಅತ್ತೆ ತೀರಿಕೊಂಡಳು. ಜೇವರ್ಗಿಯಿಂದ ನಾದಿನಿಯರು ಬಂದರು. "ಇವು ನಮ್ಮವ್ವನ ಭಾಂಡೆ, ಹೆಸರೇ ಅದಲ್ಲ" ಎಂದು ಒಂದೂ ಬಿಡದೆ ಚೀಲಕ್ಕೆ ತುಂಬಿದರು. ಚೀಲದ ಬಾಯಿ ಕಟ್ಟಿಕೊಟ್ಟವನು ಯಾರು? ನಮ್ಮ ಚಿಕ್ಕಪ್ಪ! ನನಗೆ ಇಂದಿಗೂ ಸಿಟ್ಟು ಬರುತ್ತದೆ.

"ನೀ ಯಾಕ ಸುಮ್ನಿದ್ದಿ ಚಿಗವ್ವ?" ಎಂದು ಕೇಳಿದೆ.

"ಅದು ನನ್ನ ಹೆಸರು ಅಂದ್ರ ನಗ್ತಾರಪ್ಪ. ಈ ಊರಾಗ ಅದು ಯಾರಿಗೆ ಗೊತ್ತದ?"

ಗುಲ್ಬರ್ಗದಲ್ಲಿ ನೌಕರಿಗಿದ್ದ ನಾನು ಬಲು ಜಾಣನಂತೆ ಚಿಕ್ಕಮ್ಮನ ಮನೆಗೆ 'ಶರಣಮ್ಮ' ಎಂಬ ಹೆಸರಿಗೇ ಒಂದು ಕಾರ್ಡು ಬರೆದೆ. ವಾರದಲ್ಲಿ ಅದು ಮರಳಿ ಬಂತು. ಮೇಲೆ ಕೆಂಪು ಶಾಯಿಯಲ್ಲಿ 'ತೀರಿಕೊಂಡಿದ್ದಾರೆ' ಎಂದು ಬರೆದಿತ್ತು. ಟಪಾಲಿನವನ ತಪ್ಪೇನು? ಅವನಿಗೆ ಗೊತ್ತಿದ್ದ ಶರಣಮ್ಮ ಒಬ್ಬಳೇ.

ಕಾರ್ಡು ಹಿಡಿದು ನಾನೇ ಬಸ್ಸು ಹತ್ತಿದೆ. ಅವರ ಮನೆಯ ಬಾಗಿಲಲ್ಲಿ ನಿಂತು ದನಿ ಬದಲಿಸಿ ಕೂಗಿದೆ: "ಶರಣಮ್ಮನವರು ಯಾರ್ರೀ? ಟಪಾಲು ಬಂದದ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟುಗೈಯಲ್ಲೇ ಹೊರಬಂದ ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ, ಕಾರ್ಡನ್ನಷ್ಟೇ ನೋಡಿದಳು. ಕೆಂಪು ಅಕ್ಷರಗಳನ್ನು ನಾನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ್ದೆ.

"ನಾನೇರಿ" ಎಂದಳು.