ರಾಕ್ಷಸರ ಗುದ್ದುಚೆಂಡು

ಮಕ್ಕಳ ಮುಂದೆ ಒಂದು ಸುಳ್ಳು ಹೇಳಿದ ಮಾಸ್ತರನಿಗೆ ನಿವೃತ್ತಿಯವರೆಗೂ ಪುರುಸೊತ್ತಿಲ್ಲ. ತೊಂಬತ್ತರ ದಶಕದಲ್ಲಿ ತುಕ್ಕಾನಟ್ಟಿ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಇಂಥವು ಒಂದರ ಹಿಂದೊಂದು ಗಂಟುಬಿದ್ದವು.

ಅರ್ಧ ರಾಕ್ಷಸ

ಡ್ರಿಲ್ ಮಾಸ್ತರರು ರಜೆ ಹಾಕಿದ ದಿನ ಎಂಟನೆಯ ವರ್ಗ ನನ್ನ ಪಾಲಿಗೆ ಬಂತು. ಗದ್ದಲ ತಡೆಯಲಾರದೆ ಒಂದು ಕಥೆ ಕಟ್ಟಿದೆ. ಗೋಕಾಕ ಫಾಲ್ಸಿನ ತಳದಲ್ಲಿ ರಾಕ್ಷಸರ ರಾಜ್ಯವಿದೆ, ಅಲ್ಲಿ ಗುದ್ದುಚೆಂಡು ಎಂಬ ಆಟ ಆಡುತ್ತಾರೆ. ತಳ್ಳಬಹುದು, ಕೆಡವಬಹುದು, ಬಿದ್ದವನ ಮೇಲೆ ಕೂಡಲೂಬಹುದು. ಚೆಂಡು ಎದುರಾಳಿಯ ಬುಟ್ಟಿಗೆ ಬಿದ್ದರೆ ಅದು ಒಂದು ‘ತಲೆ’. ಮಧ್ಯಾಹ್ನದ ಹೊತ್ತಿಗೆ ಹುಡುಗರು ಗೋಣಿಚೀಲಕ್ಕೆ ಗೊಂಜಾಳದ ತೆನೆಯ ಸಿಪ್ಪೆ ತುಂಬಿ ಚೆಂಡು ಮಾಡಿ ಆಡಲು ಶುರುಮಾಡಿದ್ದರು.

ರಾಕ್ಷಸರಿಗೆ ನಾಲ್ಕು ಕೈ ಎಂದೂ ಹೇಳಿದ್ದೆ. ಅದಕ್ಕವರು ಇಬ್ಬಿಬ್ಬರ ಸೊಂಟಕ್ಕೆ ಟವೆಲ್ ಬಿಗಿದು ಒಬ್ಬೊಬ್ಬ ರಾಕ್ಷಸನನ್ನು ಮಾಡಿಕೊಂಡರು. ಮರುದಿನ ಹಾಜರಿ ಕೂಗುವಾಗ ಒಬ್ಬ ಎದ್ದು ನಿಂತ.

“ಸರ್, ನನ್ನ ಉಳದ ಅರ್ಧಾ ರಾಕ್ಷಸಗ ಜ್ವರ ಬಂದೈತ್ರಿ. ಮನ್ಯಾಗ ಮಕ್ಕೊಂಡೈತಿ.”

ಟವೆಲುಗಳನ್ನು ಅಂದೇ ಬಿಚ್ಚಿಸಿದೆ.

ಕಂಪಾಸ್ ಪೆಟ್ಟಿಗೆ

ಆಟ ಹಬ್ಬಿತು, ಅಂಗಿಗಳು ಹರಿದವು. ತಂಡದ ಗಿಡ್ಡ ಹುಡುಗನ ತಾಯಿ ತೋಳಿಲ್ಲದ ಅಂಗಿ ಹಿಡಿದುಕೊಂಡು ಹೆಡ್‌ಮಾಸ್ತರರ ಮುಂದೆ ಬಂದು ನಿಂತರು. “ಮಗನ್ನ ಸಾಲಿಗಿ ಕಳಸೇನೋ, ಕುಸ್ತಿಗಿ ಕಳಸೇನೋ, ಹೇಳಿಬಿಡ್ರಿ,” ಎಂದರು. ಹೆಡ್‌ಮಾಸ್ತರರು ನನ್ನತ್ತ ನೋಡಿ, ಆಟ ಇವತ್ತಿಗೆ ಬಂದ್ ಎಂದರು.

ಕಿಟಕಿಗೆ ಜೋತುಬಿದ್ದಿದ್ದ ಹುಡುಗರ ಮುಖ ಬಾಡಿದ್ದು ಕಂಡೆ. ಕೂಡಲೇ ಇನ್ನೊಂದು ಸುಳ್ಳು ಬಿಟ್ಟೆ. ರಾಕ್ಷಸರಲ್ಲಿ ಒಂದು ಕಟ್ಟಳೆಯಿದೆ. ಯಾರು ಯಾರ ಅಂಗಿ ಹರಿಯುತ್ತಾರೋ ಅವರೇ ಕೂತು ಅದನ್ನು ಹೊಲಿದುಕೊಡಬೇಕು, ಅಲ್ಲಿಯವರೆಗೆ ಚೆಂಡು ಮುಟ್ಟುವಂತಿಲ್ಲ. ತಾಯಿಗೆ ಇದು ಬಹಳ ಸೇರಿತು. ಮನುಷ್ಯರಿಗಿಂತ ರಾಕ್ಷಸರೇ ಚಲೋ ಎಂದು ಹೇಳಿ ಹೋದರು. ಆಟ ಉಳಿಯಿತು.

ವಾರ ಕಳೆದಿರಲಿಲ್ಲ. ಗಣಿತದ ಮಾಸ್ತರರು ವೃತ್ತ ಎಳೆಯಿರಿ ಎಂದಾಗ ಇಡೀ ವರ್ಗದ ಕಂಪಾಸ್ ಪೆಟ್ಟಿಗೆಗಳಿಂದ ಸೂಜಿ, ದಾರ, ಗುಂಡಿ ಹೊರಬಿದ್ದವು. ಕೈವಾರ ಎಲ್ಲಿ ಎಂದರೆ, ಅದರಿಂದ ಹೊಲಿಯಾಕ ಬರೂದಿಲ್ರಿ ಎಂದರಂತೆ.

ಮೂಡಲಗಿಯ ಬಯಲು

ಆಟದ ಸುದ್ದಿ ಬೀಗರ ಮನೆಗಳ ಮೂಲಕ ಹುಕ್ಕೇರಿ ತಾಲೂಕು ಮುಟ್ಟಿತು. ಹತ್ತರಗಿ ಕಡೆಯ ಹುಡುಗರು ಮೂಡಲಗಿಯ ಬಯಲಿಗೆ ಪಂದ್ಯಕ್ಕೆ ಕರೆದರು. ಎಲ್ಲರೂ ಗರಡಿಯಲ್ಲಿ ಬೆಳೆದವರು, ಅವರಲ್ಲಿ ಒಬ್ಬನ ನೆರಳಿನಲ್ಲಿ ನಮ್ಮ ಮೂವರು ನಿಲ್ಲಬಹುದಿತ್ತು. ಸೂಜಿಯ ಕಟ್ಟಳೆಗೆ ನಕ್ಕು ಒಪ್ಪಿಕೊಂಡರು. ನಮ್ಮ ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ.

“ಗೆದ್ದರ ಆಟ, ಸೋತರ ಬರೇ ಪಾಠ. ಆಮ್ಯಾಲ ನನ್ನ ಮುಂದ ರಾಕ್ಷಸರ ಹೆಸರ ಎತ್ತಬ್ಯಾಡ್ರಿ.”

ಮೊದಲರ್ಧದಲ್ಲಿ ಅವರು ನಮ್ಮವರನ್ನು ಜೋಳದ ಕಣಕಿಯ ಸೂಡಿನಂತೆ ಎತ್ತೆತ್ತಿ ಇಟ್ಟರು. ಎರಡು ತಲೆ ಹಿಂದೆ ಬಿದ್ದೆವು. ಹುಡುಗರ ಕಣ್ಣಲ್ಲಿ ನೀರು. ಆಗ ಅದೇ ತಾಯಿ ಒಂದು ಗಂಟು ಹೊತ್ತು ಬಂದರು. ಒಳಗೆ ಹಳೆಯ ಅಂಗಿಗಳು. ತೋಳು, ಜೇಬು, ಕಾಲರ್ ಎಲ್ಲ ಬಿಚ್ಚಿ ಸಡಿಲ ದಾರದಲ್ಲಿ ಮತ್ತೆ ಸೇರಿಸಿದ್ದರು.

“ಕಚ್ಚಾ ಹೊಲಿಗಿ ಹಾಕೇನ್ರಿ ಮಾಸ್ತರ,” ಎಂದು ಪಿಸುಗುಟ್ಟಿದರು. “ಕೈ ಹಚ್ಚಿದರ ಸಾಕು.”

ಹುಡುಗರು ಅವನ್ನು ತೊಟ್ಟು ಇಳಿದರು, ಸೀಟಿ ಕೂಗಿತು. ಎದುರಾಳಿಯೊಬ್ಬ ನಮ್ಮವನನ್ನು ಹಿಡಿದ. ನಮ್ಮವನು ಓಡಿಹೋದ, ಅಂಗಿಯ ತೋಳು ಹಿಡಿದವನ ಕೈಯಲ್ಲೇ ಉಳಿಯಿತು. ಇನ್ನೊಬ್ಬನ ಕೈಗೆ ಜೇಬು ಬಂತು, ಮತ್ತೊಬ್ಬನಿಗೆ ಕಾಲರ್. ತೀರ್ಪು ಕೊಡುವ ಪಂಚರಾಗಿದ್ದ ಮೂಡಲಗಿಯ ಮಾಸ್ತರರು ಅಂಗಿ ಹರಿದವರನ್ನೆಲ್ಲ ಕೂಡಿಸಿ ಸೂಜಿ ಕೊಟ್ಟರು. ಗದೆ ತಿರುವಿದ ಕೈಗಳಿಗೆ ದಾರ ಪೋಣಿಸಲು ಬರಬೇಕಲ್ಲ. ಕೊನೆಗೆ ಇಡೀ ತಂಡವೇ ಸಾಲಾಗಿ ಕೂತು, ನಾಲಿಗೆ ಹೊರಹಾಕಿಕೊಂಡು ಹೊಲಿಯುತ್ತಿತ್ತು. ನಮ್ಮ ಗಿಡ್ಡ ಹುಡುಗ ಬರೀ ಬನಿಯನ್ನಿನಲ್ಲಿ ಆರಾಮಾಗಿ ನಡೆದುಹೋಗಿ ಚೆಂಡನ್ನು ಬುಟ್ಟಿಗೆ ಇಟ್ಟುಬಂದ. ಮತ್ತೆ ಹೋಗಿ ಇಟ್ಟ. ಸಾಲದೆಂದು ಮತ್ತೊಂದು ಸಲ ಇಟ್ಟ.

ಗೆದ್ದೆವು. ಹೆಡ್‌ಮಾಸ್ತರರೇ ಆ ತಾಯಿಗೆ ಕೈಮುಗಿದು, ಅವರ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಯಲು ತುಂಬ ಕುಣಿದರು. ಅಷ್ಟು ಖುಷಿ ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ಜನ ಚದುರಿದರೂ ಎದುರು ತಂಡದ ಅತಿ ದೊಡ್ಡ ಪೈಲವಾನ ಮಾತ್ರ ತೊಡೆಯ ಮೇಲೆ ಅಂಗಿ ಹರಡಿಕೊಂಡು ಕೂತೇ ಇದ್ದ. ಆಟ ಮುಗಿಯಿತು, ನೀವು ಸೋತಿರಿ, ಏಳಪ್ಪ ಎಂದೆ. ಅವನು ತಲೆ ಎತ್ತಲಿಲ್ಲ.

“ತಡೀರಿ ಸರ್, ಗುಂಡಿ ಹಾಕೂ ಕಾಜಾ ಒಂದ ಉಳದೈತಿ.”